ನಾಟಕವೋ, ಆಟವೋ, ಕೂಟವೋ: ಮ್ಯಾಕ್‌ಬೆತ್ ಎತ್ತಿಕೊಂಡ ಕಾಸರಗೋಡಿನ ಸಂಘಗಳಿಗೆ

ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಆಡೋಣ ಎಂದು ಸಂಘದ ಸಭೆಯಲ್ಲಿ ತೀರ್ಮಾನವಾದ ಕೂಡಲೇ ಏಳುವ ಮಾತು ಯಾರಿಗೆ ಯಾವ ಪಾತ್ರ ಎಂಬುದು. ಅದಕ್ಕೂ ಮೊದಲು ಯಾವ ರೂಪದಲ್ಲಿ ಆಡುವುದು ಎಂದು ಗಟ್ಟಿ ಮಾಡಿಕೊಳ್ಳಬೇಕು. ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಕನ್ನಡ ಸಂಘಗಳ ಮುಂದೆ ನಾಲ್ಕು ದಾರಿಗಳಿವೆ. ಇರುವ ಅನುವಾದವೊಂದನ್ನು ಸ್ವಲ್ಪ ಕತ್ತರಿಸಿ ಆಡಬಹುದು. ಕತೆಯನ್ನು ನಮ್ಮ ನೆಲಕ್ಕೆ ತಂದು, ಹೆಸರು ಬದಲಿಸಿ ಆಡಬಹುದು. ಯಕ್ಷಗಾನ ಪ್ರಸಂಗ ಕಟ್ಟಿ ಬಯಲಾಟ, ಅಂದರೆ ಆಟ, ಮಾಡಬಹುದು. ಅದೇ ಪ್ರಸಂಗವನ್ನು ವೇಷವಿಲ್ಲದೆ ತಾಳಮದ್ದಳೆಯಾಗಿ, ಅಂದರೆ ಕೂಟವಾಗಿ, ಕೂತು ಹೇಳಬಹುದು. ನಾಲ್ಕಕ್ಕೂ ಬೇಕಾದ ಜನ, ಜಾಗ, ಕಾಲ ಬೇರೆ ಬೇರೆ. ನಾಲ್ಕರಲ್ಲೂ ಕೆಡುವ ಜಾಗವೂ ಬೇರೆ ಬೇರೆ.

ತೂಗುವುದಕ್ಕೆ ತಕ್ಕಡಿ ಮಾತ್ರ ಒಂದೇ. ಮಾಟಗಾತಿಯರ ಭವಿಷ್ಯ ಕೇಳಿದ ಸೇನಾನಿ ಮ್ಯಾಕ್‌ಬೆತ್, ಹೆಂಡತಿಯ ಒತ್ತಾಯಕ್ಕೆ, ಮನೆಗೆ ಅತಿಥಿಯಾಗಿ ಬಂದ ಅರಸ ಡಂಕನ್‌ನನ್ನು ಕೊಂದು ಸಿಂಹಾಸನ ಏರುವ ಕತೆ ಇದು. ಈ ನಾಟಕದ ಜೀವ ಇರುವುದು ಕೊಲೆಯಾದ ಮೇಲೆ ಗಂಡ ಹೆಂಡತಿ ಒಬ್ಬರಿಂದೊಬ್ಬರು ದೂರವಾಗುವಲ್ಲಿ. 1ನೇ ಅಂಕದ 7ನೇ ದೃಶ್ಯದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಂಡು ಮಾತಾಡುವ ಜೋಡಿ ಅದು. 3ನೇ ಅಂಕದ 2ನೇ ದೃಶ್ಯಕ್ಕೆ ಬರುವಾಗ, ಜೊತೆಯ ಸೇನಾನಿ ಬ್ಯಾಂಕೊನನ್ನು ಕೊಲ್ಲಿಸುವ ಏರ್ಪಾಟು ಆಗಿಹೋಗಿದೆ. ಅವಳು ಏನು ಮಾಡುವುದೆಂದು ಕೇಳಿದರೂ ಅವನು ಬಾಯಿ ಬಿಡುವುದಿಲ್ಲ. ಔತಣದ ದೃಶ್ಯದ ನಂತರ ಅವಳು ರಂಗದ ಮೇಲೆ ಬರುವುದು ಒಂದೇ ಸಲ, ನಿದ್ದೆಯಲ್ಲಿ ನಡೆದುಕೊಂಡು. ಆಗ ಅವನು ಅಲ್ಲಿರುವುದಿಲ್ಲ. ಈ ಮೂರು ದೃಶ್ಯಗಳ ನಡುವಿನ ದೂರ ಪ್ರೇಕ್ಷಕರಿಗೆ ಕಾಣುವ ರೂಪ ಒಳ್ಳೆಯ ರೂಪ. ಯುದ್ಧ, ಮಾಟಗಾತಿಯರು, ನಡೆದುಬರುವ ಕಾಡು ಎಲ್ಲ ಆಮೇಲಿನ ಮಾತು.

ಕಾಲವನ್ನು ಮೊದಲು ನೋಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಯಲು ರಂಗ ಸಾಧ್ಯವೇ ಇಲ್ಲ. ಯಕ್ಷಗಾನ ಮೇಳಗಳು ಕೂಡ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಸಭಾಂಗಣ ಇದೆಯಲ್ಲ ಎಂದು ಮಳೆಗಾಲದಲ್ಲಿ ನಾಟಕ ಇಟ್ಟುಕೊಳ್ಳುವವರು ಮೇಲೆ ನೋಡಬೇಕು. ಮಾಡು ಶೀಟಿನದ್ದಾದರೆ ಮಳೆಯ ಸದ್ದಿಗೆ ಮಾತು ಮುಳುಗುತ್ತದೆ. ಮೈಕಿನ ಧ್ವನಿ ಏರಿಸಿ ಮಾತನ್ನು ಹೇಗೋ ದಾಟಿಸಬಹುದು, ಮೌನವನ್ನು ದಾಟಿಸುವುದಕ್ಕಾಗುವುದಿಲ್ಲ. 2ನೇ ಅಂಕದ 2ನೇ ದೃಶ್ಯ ಪೂರ್ತಿ ನಿಂತಿರುವುದು ಗೂಬೆಯ ಕೂಗು, ಜೀರುಂಡೆಯ ಸದ್ದು, ಎಲ್ಲೋ ಯಾರೋ ನಿದ್ದೆಯಲ್ಲಿ ನಕ್ಕದ್ದು, ಆಮೇಲೆ ಬಾಗಿಲು ಬಡಿತ ಇವುಗಳ ಮೇಲೆ. ಇವು ಕೇಳಿಸದ ಸಭಾಂಗಣದಲ್ಲಿ ಈ ನಾಟಕ ಬೇಡ.

ಮಳೆಗಾಲದಲ್ಲೇ ಆಗಬೇಕು ಎಂದರೆ ಕೂಟ ಮಾಡಿ. ಆಟಿ ತಿಂಗಳ ಮಳೆಯಲ್ಲಿ ಮಠ, ದೇವಸ್ಥಾನ, ವಾಚನಾಲಯದ ಜಗಲಿಗಳಲ್ಲಿ ತಾಳಮದ್ದಳೆಗೆ ಕೂರುವ ಜನ ಹೇಗೂ ಇದ್ದಾರೆ. ನವೆಂಬರ್‌ನಿಂದ ಮೇ ನಡುವೆ ಆದರೆ ನಾಲ್ಕು ದಾರಿಗಳೂ ತೆರೆದಿವೆ. ಡಿಸೆಂಬರ್, ಜನವರಿಯಲ್ಲಿ ಒಳ್ಳೆಯ ಭಾಗವತರು, ಮದ್ದಳೆಗಾರರು ತಿರುಗಾಟದಲ್ಲಿರುತ್ತಾರೆ. ಅಭ್ಯಾಸಕ್ಕೆ ಸಿಗುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿದು ದಿನ ಗೊತ್ತು ಮಾಡಿ.

ಅನುವಾದ ಆಡುವುದಾದರೆ

ಹತ್ತಾರು ಮಂದಿ ನಟರಿದ್ದು, ಸದ್ದಿಲ್ಲದ ಸಭಾಂಗಣ ಸಿಕ್ಕಿ, ಎರಡು ತಿಂಗಳು ಅಭ್ಯಾಸಕ್ಕೆ ಸಮಯವಿದ್ದರೆ ಇದೇ ದಾರಿ ಹಿಡಿಯಿರಿ. ಮೊದಲ ಸಲ ಈ ನಾಟಕಕ್ಕೆ ಕೈ ಹಾಕುವ ಸಂಘಕ್ಕೆ ಬೇರೆ ಮೂರನ್ನು ಸೂಚಿಸಲು ಮನಸ್ಸಾಗುವುದಿಲ್ಲ. 1606ರ ಹೊತ್ತಿಗೆ ಬರೆದು 1623ರಲ್ಲಿ ಅಚ್ಚಾದ ಈ ನಾಟಕ ಶೇಕ್ಸ್‌ಪಿಯರ್‌ನ ದುರಂತಗಳಲ್ಲೇ ಅತಿ ಚಿಕ್ಕದು, ಹ್ಯಾಮ್ಲೆಟ್‌ನ ಅರ್ಧಕ್ಕಿಂತ ತುಸು ಹೆಚ್ಚು. ಉಪಕತೆ ಇಲ್ಲ. ಕತೆ ನೇರ ಓಡುತ್ತದೆ. ಹವ್ಯಾಸಿಗಳ ಕೈಗೆ ಸಿಗುವ ಗಾತ್ರ.

ಕನ್ನಡದಲ್ಲಿ ಪಠ್ಯಕ್ಕೆ ಬರವಿಲ್ಲ. ಡಿ.ವಿ.ಜಿ. ಅನುವಾದಿಸಿದ್ದಾರೆ, ರಾಮಚಂದ್ರ ದೇವರು ಅನುವಾದಿಸಿದ್ದಾರೆ. ಯಾವುದನ್ನು ಆರಿಸಬೇಕು ಎಂಬುದಕ್ಕೆ ಹೆಸರು ನೋಡಬೇಡಿ, ಬಾಯಿಬಿಟ್ಟು ಓದಿ ಪರೀಕ್ಷಿಸಿ. ಪರೀಕ್ಷೆ ಮೂರು ಜಾಗದಲ್ಲಿ ಸಾಕು.

ಮಾಟಗಾತಿಯರು ಮೊದಲ ದೃಶ್ಯದಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ಎರಡು ಮಾತನ್ನು ಒಂದಕ್ಕೊಂದು ಅದಲುಬದಲು ಮಾಡುತ್ತಾರೆ. ಮ್ಯಾಕ್‌ಬೆತ್ ಮೊದಲ ಸಲ ಬಾಯಿ ತೆರೆಯುವಾಗ, ಅವರನ್ನು ಕಾಣುವುದಕ್ಕೂ ಮುಂಚೆ, ಅದೇ ಎರಡು ಮಾತು ಅವನ ಬಾಯಿಗೆ ಬರುತ್ತವೆ. ಅನುವಾದದಲ್ಲಿ ಎರಡೂ ಕಡೆ ಒಂದೇ ಶಬ್ದಜೋಡಿ ಇದೆಯೇ ನೋಡಿ. ಅಲ್ಲಿ ‘ಚೆಲುವು’, ಇಲ್ಲಿ ‘ಶುಭ’ ಎಂದಿದ್ದರೆ ಆ ಕೊಂಡಿ ಕಳಚಿತು.

ಎರಡನೆಯದು ‘ಆಗುವುದು’ ಎಂಬ ಕ್ರಿಯಾಪದ. ಆಗುವುದೇ ಇದ್ದರೆ ಬೇಗ ಆಗಿಹೋಗಲಿ ಎಂದು ಅವನು ಶುರುಮಾಡುತ್ತಾನೆ. ಆದದ್ದು ಆಯಿತು ಎಂದು ಅವಳು 3ನೇ ಅಂಕದಲ್ಲಿ ಸಮಾಧಾನ ಹೇಳುತ್ತಾಳೆ. ಆದದ್ದನ್ನು ಆಗದ ಹಾಗೆ ಮಾಡಲಾಗದು ಎಂದು 5ನೇ ಅಂಕದಲ್ಲಿ, ನಿದ್ದೆಯಲ್ಲಿ, ಅವಳೇ ಹೇಳುತ್ತಾಳೆ. ‘ಆದದ್ದು ಆಯಿತು’ ಎಂಬುದು ನಮ್ಮ ಮನೆಮನೆಯ ಮಾತು. ಅನುವಾದಕರು ಅದನ್ನು ಬಿಟ್ಟು ‘ಕೃತ್ಯ’, ‘ಕಾರ್ಯ’ ಎಂದು ಒಂದೊಂದು ಕಡೆ ಒಂದೊಂದು ಬರೆದಿದ್ದರೆ ಪ್ರೇಕ್ಷಕರ ಕಿವಿಗೆ ಆ ಮೂರು ಜಾಗ ಒಂದೇ ದಾರದಲ್ಲಿ ಕೂರುವುದಿಲ್ಲ.

ಮೂರನೆಯದು ಮಾಟಗಾತಿಯರು ಮ್ಯಾಕ್‌ಬೆತ್‌ಗೆ ಕೇಳಿಸುವ ಹುಟ್ಟಿನ ಒಗಟು. ‘ಹೆಣ್ಣಿನಿಂದ ಹುಟ್ಟಿದ ಯಾರೂ ನಿನ್ನನ್ನು ಮುಟ್ಟಲಾರರು’ ಎಂದು ಬರೆದರೆ ಕೊನೆಯಲ್ಲಿ ಅವನನ್ನು ಕೊಲ್ಲುವ ಮ್ಯಾಕ್‌ಡಫ್‌ನ ಉತ್ತರ ಮೋಸದಂತೆ ಕೇಳುತ್ತದೆ. ಹೊಟ್ಟೆ ಸೀಳಿ ತೆಗೆದರೂ ಹುಟ್ಟಿದ್ದು ಹೆಣ್ಣಿನಿಂದಲೇ ಅಲ್ಲವೇ ಎಂದು ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ. ‘ಹೆಣ್ಣು ಹೆತ್ತ’ ಎಂದಿರಲಿ. ಆಗ ‘ನನ್ನನ್ನು ತಾಯಿ ಹೆರಲಿಲ್ಲ, ಹೊಟ್ಟೆ ಸೀಳಿ ತೆಗೆದರು’ ಎಂಬ ಮಾತು ಬಾಣದ ಹಾಗೆ ನಾಟುತ್ತದೆ. ‘ಹೆರು’ ಎಂಬ ಕನ್ನಡ ಕ್ರಿಯಾಪದ ಈ ಒಗಟಿಗಾಗಿಯೇ ಇದ್ದಂತಿದೆ.

ನೀನು, ನೀವು ಪ್ರಶ್ನೆಯನ್ನು ಅಭ್ಯಾಸದ ಮೊದಲ ವಾರದಲ್ಲೇ ಮುಗಿಸಿಕೊಳ್ಳಿ. ಹೆಂಡತಿ ಗಂಡನನ್ನು ಉದ್ದಕ್ಕೂ ‘ನೀವು’ ಎಂದರೆ, 1ನೇ ಅಂಕದ 7ನೇ ದೃಶ್ಯದಲ್ಲಿ ಅವನ ಗಂಡಸುತನವನ್ನು ಕೆಣಕುವ ಮಾತಿಗೆ ಮೊನೆಯೇ ಇರುವುದಿಲ್ಲ. ಉದ್ದಕ್ಕೂ ‘ನೀನು’ ಎಂದರೆ ನಮ್ಮ ಹಿರಿಯ ಪ್ರೇಕ್ಷಕರು ಅವಳನ್ನು ಮೊದಲ ದೃಶ್ಯದಲ್ಲೇ ಬಜಾರಿ ಎಂದು ತೀರ್ಮಾನಿಸಿಬಿಡುತ್ತಾರೆ. ಸರಿಹೋಗುವ ಹಂಚಿಕೆ ಹೀಗೆ: ಔತಣದ ಅತಿಥಿಗಳ ಮುಂದೆ ‘ನೀವು’, ಇಬ್ಬರೇ ಇರುವಾಗ ‘ನೀನು’, ಔತಣದಲ್ಲಿ ಅವನನ್ನು ಪಕ್ಕಕ್ಕೆ ಎಳೆದು ಗದರುವಾಗ ತಟ್ಟನೆ ‘ನೀನು’. ಸಭೆ ಚದುರಿ ಇಬ್ಬರೇ ಉಳಿದ ಮೇಲೂ ಅವಳು ಮತ್ತೆ ‘ನೀವು’ ಎಂದರೆ ದೂರ ಅಲ್ಲೇ ಕಾಣುತ್ತದೆ. ಇಂಗ್ಲಿಷ್ ಮೂಲದಲ್ಲೂ ಅಲ್ಲಿ ಅವಳ ಮಾತು ತೀರಾ ಚುಟುಕು: ನಿದ್ದೆ ಬೇಕು ನಿಮಗೆ, ಅಷ್ಟೇ. ಯುದ್ಧ ಮುಗಿಸಿ ಬಂದ ಗಂಡನನ್ನು ಅವಳು ಎದುರುಗೊಳ್ಳುವುದು ಗ್ಲಾಮಿಸ್, ಕಾಡರ್ ಎಂಬ ಪದವಿಗಳಿಂದ. ಗಂಡನ ಹೆಸರು ಹಿಡಿದು ಕರೆಯದ ನಮ್ಮ ಹಳೆಯ ರೂಢಿಗೆ ಇದು ತಾನಾಗಿ ಹೊಂದುತ್ತದೆ.

ಎಲ್ಲಿ ಕತ್ತರಿಸಬೇಕು? ಮೂರನೇ ಒಂದು ಭಾಗ ತೆಗೆದರೆ ಕನ್ನಡದಲ್ಲಿ ಸುಮಾರು 100 ನಿಮಿಷಕ್ಕೆ ಬರುತ್ತದೆ. ಮಾಟಗಾತಿಯರ ಒಡತಿ ಹೆಕಟಿ ಬರುವ 3ನೇ ಅಂಕದ 5ನೇ ದೃಶ್ಯವನ್ನು ಪೂರ್ತಿ ಬಿಡಿ. ಅದು ಇನ್ನೊಬ್ಬ ನಾಟಕಕಾರ ಮಿಡಲ್ಟನ್ ಸೇರಿಸಿದ್ದು ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ, ತೆಗೆದರೆ ಎಲ್ಲೂ ತೂತು ಬೀಳುವುದಿಲ್ಲ. ಗಾಯಗೊಂಡ ಸೈನಿಕನ ವರದಿಯನ್ನು ಅರ್ಧಕ್ಕೆ ಇಳಿಸಿ. ಇಂಗ್ಲೆಂಡಿನ ದೃಶ್ಯ, ಅಂದರೆ 4ನೇ ಅಂಕದ 3ನೆಯದು, 240 ಸಾಲುಗಳಷ್ಟಿದೆ. ಡಂಕನ್‌ನ ಮಗ ಮಾಲ್ಕಮ್ ತನ್ನನ್ನೇ ದುಷ್ಟನೆಂದು ಹೇಳಿಕೊಂಡು ಮ್ಯಾಕ್‌ಡಫ್‌ನನ್ನು ಪರೀಕ್ಷಿಸುವ ಭಾಗವನ್ನು ಮೂರನೇ ಒಂದಕ್ಕೆ ಇಳಿಸಬಹುದು. ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳು ಸತ್ತ ಸುದ್ದಿ ರಾಸ್ ತರುವ ಭಾಗದಲ್ಲಿ ಮಾತ್ರ ಒಂದು ಸಾಲೂ ಮುಟ್ಟಬೇಡಿ.

ಸಮಯ ಉಳಿಸಲು ಸಂಘಗಳು ಮೊದಲು ಕೈ ಹಾಕುವುದು ಎರಡು ಜಾಗಕ್ಕೆ, ಎರಡೂ ತಪ್ಪು. ಒಂದು, ಲೇಡಿ ಮ್ಯಾಕ್‌ಡಫ್ ಮತ್ತು ಮಗನ ದೃಶ್ಯ. ಅದು ಹೋದರೆ ಮ್ಯಾಕ್‌ಬೆತ್‌ನ ಅಪರಾಧ ರಾಜಕಾರಣದ ಮಟ್ಟದಲ್ಲೇ ಉಳಿಯುತ್ತದೆ, ಅಡುಗೆಮನೆಯ ಹೊಸ್ತಿಲು ದಾಟಿ ಬರುವುದಿಲ್ಲ. ಮತ್ತೊಂದು, ಆಗ ಹೇಳಿದ 3ನೇ ಅಂಕದ 2ನೇ ದೃಶ್ಯ. ಬರೇ ಐವತ್ತೈದು ಸಾಲು, ಏನೂ ನಡೆಯುವುದಿಲ್ಲ, ಹಾಗಾಗಿ ಕತ್ತರಿಗೆ ಸುಲಭದಲ್ಲಿ ಸಿಗುತ್ತದೆ. ಅದನ್ನು ತೆಗೆದ ಪ್ರದರ್ಶನಗಳಲ್ಲಿ ನಿದ್ದೆನಡಿಗೆ ಆಕಾಶದಿಂದ ಬಿದ್ದಂತೆ ಕಾಣುತ್ತದೆ. ಇಷ್ಟು ಗಟ್ಟಿಗಿತ್ತಿ ಯಾವಾಗ ಮುರಿದಳು ಎಂದು ಪ್ರೇಕ್ಷಕರು ಕೇಳುತ್ತಾರೆ. ಉತ್ತರ ಕತ್ತರಿಸಿ ಎಸೆದ ಪುಟದಲ್ಲಿರುತ್ತದೆ.

ಜನ 13 ಸಾಕು, ಅದರಲ್ಲಿ ಒಬ್ಬ ಹುಡುಗ. ಮೂವರು ಮಾಟಗಾತಿಯರೇ ಮೂವರು ಕೊಲೆಗಾರರಾಗಲಿ. 4ನೇ ಅಂಕದಲ್ಲಿ ವೇಷ ಬದಲಿಸಲು ತಾಯಿ ಮಗನ ಮಾತು ಮುಗಿಯುವಷ್ಟು ಹೊತ್ತು ಸಿಗುತ್ತದೆ. ಡಂಕನ್ ಆದವರು ಕೊನೆಗೆ ಮುದುಕ ಸಿವಾರ್ಡ್, ಬ್ಯಾಂಕೊ ಆದವರು 5ನೇ ಅಂಕದ ವೈದ್ಯ, ಲೇಡಿ ಮ್ಯಾಕ್‌ಡಫ್ ಆದವರು ನಿದ್ದೆನಡಿಗೆಯನ್ನು ನೋಡುವ ಸೇವಕಿ, ಬಾಗಿಲು ಕಾಯುವವನೇ ಮ್ಯಾಕ್‌ಬೆತ್‌ನ ಸೇವಕ ಸೀಟನ್. ರಾಸ್ ಮತ್ತು ಲೆನಾಕ್ಸ್‌ರನ್ನು ಒಬ್ಬನೇ ಮಾಡಿ. ಬ್ಯಾಂಕೊನ ಮಗ ಫ್ಲಿಯಾನ್ಸ್ ಮತ್ತು ಮ್ಯಾಕ್‌ಡಫ್‌ನ ಮಗ ಎರಡನ್ನೂ ಅದೇ ಹುಡುಗ ಮಾಡಬೇಕು. ತಪ್ಪಿಸಿಕೊಂಡ ಮುಖವೇ ಎರಡನೇ ಸಲ ಸಾಯುವುದನ್ನು ನೋಡುವಾಗ ಸಭೆ ಉಸಿರು ಬಿಗಿಹಿಡಿಯುತ್ತದೆ.

ಹಕ್ಕಿನ ವಿಷಯ: ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಆದ್ದರಿಂದ 2035ರ ಕೊನೆಯವರೆಗೆ ಅವರ ಪಠ್ಯಕ್ಕೆ ಹಕ್ಕಿದೆ. ರಾಮಚಂದ್ರ ದೇವರ ಪಠ್ಯಕ್ಕೂ ಇದೆ. ಟಿಕೆಟ್ ಇಲ್ಲದೆ ಹವ್ಯಾಸಿ ಸಂಘ ಆಡಿದರೆ ಕಾನೂನಿನಲ್ಲಿ ವಿನಾಯಿತಿ ಉಂಟು. ಆದರೂ ಪತ್ರ ಬರೆದು ಒಪ್ಪಿಗೆ ಕೇಳುವುದೇ ಮರ್ಯಾದೆ. ಪಠ್ಯ ಕತ್ತರಿಸುತ್ತೇವೆ ಎಂಬುದನ್ನೂ ಅದೇ ಪತ್ರದಲ್ಲಿ ಬರೆಯಿರಿ.

ಶಾಲಾ ಮಕ್ಕಳಿಗೆ ಸ್ಪರ್ಧೆಗೆಂದು ಆಡಿಸುವುದಾದರೆ ಇಡೀ ಕತೆಯನ್ನು ಅರ್ಧ ಗಂಟೆಗೆ ತುರುಕಬೇಡಿ. ಮೇಲೆ ಹೇಳಿದ ಜೋಡಿಯ ದೃಶ್ಯಗಳನ್ನು ಮಾತ್ರ ಆರಿಸಿ, ನಡುವಿನ ಕತೆಯನ್ನು ಮಾಟಗಾತಿಯರ ಬಾಯಲ್ಲಿ ನಾಲ್ಕು ನಾಲ್ಕು ಸಾಲಿನಲ್ಲಿ ಹೇಳಿಸಿ.

ನಮ್ಮ ನೆಲಕ್ಕೆ ತರುವುದಾದರೆ

ಇದು ಹೊಸ ಯೋಚನೆಯೇನಲ್ಲ. ಎಂ.ಎಲ್. ಶ್ರೀಕಂಠೇಶಗೌಡರು ‘ಪ್ರತಾಪರುದ್ರದೇವ’ ಎಂದು ಇದನ್ನು ರೂಪಾಂತರಿಸಿದ್ದು 1895ರಲ್ಲಿ. ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ವನ್ನು ಸೆರೆಮನೆಯ ಕೈದಿಗಳೇ ಆಡಿದ್ದಾರೆ. ಸಿದ್ಧ ರೂಪಾಂತರ ಎತ್ತಿಕೊಂಡರೆ ಚಿಂತೆ ಕಡಿಮೆ. ಸ್ವಂತವಾಗಿ ಕಾಸರಗೋಡಿಗೆ ತರುತ್ತೇವೆ ಎಂದು ಹೊರಟವರಿಗೆ ಒಂದು ದೊಡ್ಡ ಹಳ್ಳ ಕಾದಿದೆ.

ಬರೆಯುವವರಿಗೆ ತಟ್ಟನೆ ಹೊಳೆಯುವುದು ತುಳುನಾಡಿನ ಒಂದು ಅರಮನೆ, ಒಬ್ಬ ಬಲ್ಲಾಳ. ಅಲ್ಲಿ ಅಳಿಯಸಂತಾನ ಪದ್ಧತಿ. ಅಧಿಕಾರ ಸೋದರಮಾವನಿಂದ ಅಳಿಯನಿಗೆ ಹೋಗಬೇಕಾದದ್ದು. ಈಗ ಮೂಲ ಕತೆ ನೋಡಿ: 1ನೇ ಅಂಕದ 4ನೇ ದೃಶ್ಯದಲ್ಲಿ ಡಂಕನ್ ತನ್ನ ಮಗ ಮಾಲ್ಕಮ್‌ನನ್ನು ಉತ್ತರಾಧಿಕಾರಿ ಎಂದು ಸಾರುತ್ತಾನೆ. ಮ್ಯಾಕ್‌ಬೆತ್ ಅವನಿಗೆ ಹತ್ತಿರದ ಬಂಧು. ಅಳಿಯಸಂತಾನದ ಮನೆಯಲ್ಲಿ ಅರಸ ಮಗನಿಗೆ ಪಟ್ಟ ಎಂದರೆ ಅದು ಅನ್ಯಾಯ. ರೂಪಾಂತರದ ಮ್ಯಾಕ್‌ಬೆತ್ ಅಳಿಯನಾದನೋ, ಅವನು ಹಕ್ಕು ಕಳೆದುಕೊಂಡ ಮನುಷ್ಯನಾದ. ಸಭೆ ಅವನ ಪರ ನಿಲ್ಲುತ್ತದೆ. 1ನೇ ಅಂಕದ 7ನೇ ದೃಶ್ಯದಲ್ಲಿ ಅವನು ಒಬ್ಬನೇ ನಿಂತು ತಾನು ಬಂಧು, ತಾನು ಪ್ರಜೆ, ತಾನು ಮನೆಗೆ ಬಂದ ಅತಿಥಿಯನ್ನು ಕಾಯಬೇಕಾದ ಯಜಮಾನ, ಅರಸನಾದರೋ ಸಜ್ಜನ, ತನಗಿರುವುದು ಬರೇ ಆಸೆ ಎಂದು ಲೆಕ್ಕ ಹಾಕುತ್ತಾನಲ್ಲ, ಆ ಮಾತುಗಳು ಸುಳ್ಳಾಗುತ್ತವೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ಸಿಂಹಾಸನ ಸಿಕ್ಕಿದ ಮೇಲೆ ಮ್ಯಾಕ್‌ಬೆತ್‌ನನ್ನು ಕೊರೆಯುವುದು ತನಗೆ ಮಗನಿಲ್ಲ, ಪಟ್ಟ ಬ್ಯಾಂಕೊನ ಮಕ್ಕಳಿಗೆ ಹೋಗುತ್ತದೆ ಎಂಬ ಚಿಂತೆ. ಬ್ಯಾಂಕೊನ ಕೊಲೆಗೆ ಮುಖ್ಯ ಕಾರಣವೇ ಅದು. ಅಳಿಯಸಂತಾನದಲ್ಲಿ ಮಗ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಾಟಕದ ಎರಡನೇ ಅರ್ಧ ಕುಸಿಯುತ್ತದೆ.

ಆದ್ದರಿಂದ ಮಕ್ಕಳಸಂತಾನ ಇರುವ ಮನೆತನದಲ್ಲಿ ಕತೆ ಕೂರಿಸಿ. ಬೇಕಲ, ಚಂದ್ರಗಿರಿ ಕೋಟೆಗಳು 17ನೇ ಶತಮಾನದ ಕೆಳದಿ ನಾಯಕರ ಆಳ್ವಿಕೆಯ ಗುರುತುಗಳು. ಆ ಕಾಲದ ಕಲ್ಪಿತ ಕೋಟೆಯೊಂದರ ಕಲ್ಪಿತ ದಳವಾಯಿಯಾದರೆ ಗಂಡು ಸಂತಾನದ ಕೊರಗು ಉಳಿಯುತ್ತದೆ, ಕೋಟೆಯ ಕಲ್ಲೂ ಪ್ರೇಕ್ಷಕರಿಗೆ ಗುರುತಿನದ್ದೇ. ನಿಜವಾದ ನಾಯಕರ ಹೆಸರನ್ನು ಕೊಲೆಗಾರನಿಗೆ ಇಡಬೇಡಿ. ಸ್ಕಾಟ್ಲೆಂಡಿನ ನಿಜವಾದ ಮ್ಯಾಕ್‌ಬೆತ್ 1040ರಲ್ಲಿ ಡಂಕನ್‌ನನ್ನು ಎದುರಿಸಿದ್ದು ಯುದ್ಧದಲ್ಲಿ, ಆಮೇಲೆ 17 ವರ್ಷ ಆಳಿದ. ನಾಟಕದ ನಂತರ ಅವನ ಹೆಸರು ಮಲಗಿದವನನ್ನು ಇರಿದವನಾಗಿಯೇ ಉಳಿಯಿತು. ಆ ಅನ್ಯಾಯ ಇನ್ನೊಬ್ಬರಿಗೆ ಬೇಡ.

ಎರಡನೇ ಹಳ್ಳ ಮಾಟಗಾತಿಯರದ್ದು. ಭೂತಕೋಲದ ಅಣಿ, ಮುಖವರ್ಣಿಕೆ, ದೈವದ ನುಡಿಯ ಧಾಟಿ, ಅಥವಾ ತೆಯ್ಯಂ ಮುಡಿ ಕೊಟ್ಟುಬಿಡೋಣ ಎಂಬ ಆಸೆ ಬರುತ್ತದೆ. ಬೇಡ. ಅದು ಇಂದಿಗೂ ಕೈಮುಗಿಯುವ ಆರಾಧನೆ, ನೋಡುವವರ ಮನಸ್ಸು ನೋಯುತ್ತದೆ. ಅರ್ಥವೂ ಕೆಡುತ್ತದೆ. ದೈವದ ನುಡಿ ನ್ಯಾಯ ಹೇಳುವಂಥದ್ದು. ಈ ಮೂವರ ಮಾತು ಅರ್ಧ ಸತ್ಯ ಹೇಳಿ ದಾರಿ ತಪ್ಪಿಸುವಂಥದ್ದು. ಮುಚ್ಚಂಜೆ ಹೊತ್ತಿಗೆ ತೋಟದ ಬದಿಯಲ್ಲಿ ತೆಂಗಿನ ಮಡಲು ಹೆಣೆಯುತ್ತಾ ಕೂತ ಮೂವರು ಹೆಂಗಸರು ಸಾಕು. ಕೈ ಗರಿಯ ಮೇಲೆ, ಕಣ್ಣು ಬರುವವನ ಮೇಲೆ. ಒಣಗರಿಯ ಸರಸರ ಸದ್ದೇ ಅವರ ಸಂಗೀತ. ಹೆಣೆದ ಆ ಮಡಲುಗಳನ್ನೇ ಕೊನೆಯಲ್ಲಿ ಮಾಲ್ಕಮ್‌ನ ಸೈನಿಕರು ಮುಂದೆ ಹಿಡಿದು ಬರಲಿ. ಕಾಡು ನಡೆದುಬಂದದ್ದು ಎಲ್ಲಿಂದ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆಟವಾಗಿ

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇದನ್ನು ಆಟವಾಗಿ ನೋಡುವ ಆಸೆ ಸಹಜ. 1979ರಲ್ಲಿ ಬಿ.ವಿ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿ ತಂಡಕ್ಕೆ ‘ಬರ್ನಂ ವನ’ ಎಂದು ಹಿಂದಿಯಲ್ಲಿ ಇದನ್ನು ಮಾಡಿಸಿದಾಗ ಯಕ್ಷಗಾನದ ನಡೆಯನ್ನು ತಂದರು. ಅದು ಯಕ್ಷಗಾನದಿಂದ ಎರವಲು ಪಡೆದ ನಾಟಕ. ಪೂರ್ಣ ಪ್ರಸಂಗವಾಗಿ, ಭಾಗವತರ ಹಾಡಿನ ಮೇಲೆ ನಿಲ್ಲಿಸುವುದು ಬೇರೆಯೇ ಕೆಲಸ. ಅದಕ್ಕೆ ನುರಿತ ಹಿಮ್ಮೇಳ ಇರಲೇಬೇಕು. ಭಾಗವತರು ಒಪ್ಪದೆ ಪದ್ಯ ಬರೆಯಲು ಕೂರಬೇಡಿ.

ಎರಡೂವರೆ ಗಂಟೆಯ ಕಾಲಮಿತಿಗೆ 60, 70 ಪದ್ಯಕ್ಕಿಂತ ಹೆಚ್ಚು ಬೇಡ. ಪುರಾಣ ಪ್ರಸಂಗವಾದರೆ ಕತೆ ಎಲ್ಲರಿಗೂ ಗೊತ್ತು. ಇಲ್ಲಿ ಯಾರು ಯಾರ ಬಂಧು ಎಂಬುದನ್ನೂ ಪದ್ಯವೇ ಹೇಳಬೇಕು. ಸ್ವಗತಗಳಿಗೆ ಭಾಮಿನಿ, ವಾರ್ಧಕ ಷಟ್ಪದಿಗಳು ಚೆನ್ನಾಗಿ ಒಗ್ಗುತ್ತವೆ. ಪದ್ಯದಲ್ಲಿ ಮನಸ್ಸಿನ ಮಾತು, ಅರ್ಥದಲ್ಲಿ, ಅಂದರೆ ವೇಷಧಾರಿ ಆಡುವ ಮಾತಿನಲ್ಲಿ, ಬಾಯಿಯ ಮಾತು ಎಂದು ಒಡೆದುಕೊಂಡರೆ, ಒಳಗೊಂದು ಹೊರಗೊಂದು ಇರುವ ಈ ಮನುಷ್ಯನಿಗೆ ಯಕ್ಷಗಾನದಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಔತಣದಲ್ಲಿ ಭಾಗವತರು ಅವನ ಭಯ ಹಾಡುತ್ತಿರುವಾಗ ಅವನು ಅತಿಥಿಗಳನ್ನು ನಗುತ್ತಾ ಉಪಚರಿಸುವುದನ್ನು ನೋಡುವುದೇ ಒಂದು ಅನುಭವ. ಬಾಗಿಲು ಕಾಯುವವನ ಪಾತ್ರಕ್ಕೆ ಹಾಸ್ಯಗಾರರು ಹೇಳಿ ಮಾಡಿಸಿದವರು. ಅವರು ಮಾತ್ರ ನಮ್ಮ ಕನ್ನಡ, ತುಳು, ಮಲಯಾಳಂ ಕಲಬೆರಕೆಯಲ್ಲಿ ಮಾತಾಡಲಿ.

ಕೆಡುವುದು ಎಲ್ಲಿ? ವೇಷದಲ್ಲಿ ಮೊದಲು. ಕೊಲೆಗಾರ ಅರಸ ಎಂದು ಮ್ಯಾಕ್‌ಬೆತ್‌ಗೆ ಬಣ್ಣದ ವೇಷ ಕೊಟ್ಟರೆ ರಾಕ್ಷಸ ಬಂದ ಎಂದು ಮಕ್ಕಳು ಕೂಡ ಹೇಳುತ್ತಾರೆ. ರಾಕ್ಷಸ ಕೊಂದರೆ ಅದರಲ್ಲಿ ದುರಂತವೇನು? ಕಿರೀಟ ವೇಷದಲ್ಲೇ ಬರಲಿ, ಡಂಕನ್‌ನಷ್ಟೇ ಗೌರವದ ಪ್ರವೇಶ ಸಿಗಲಿ. ಮಾಟಗಾತಿಯರಿಗೆ ರಾಕ್ಷಸಿಯರ ವೇಷವಾದ ಹೆಣ್ಣುಬಣ್ಣವೂ ಬೇಡ. ಮೂರು ಹೆಣ್ಣುಬಣ್ಣದ ಪ್ರವೇಶಕ್ಕೇ ರಾತ್ರಿಯ ಒಳ್ಳೆಯ ಪಾಲು ಹೋಗುತ್ತದೆ.

ಆಮೇಲೆ ಕೊಲೆ. ಬಯಲಾಟದ ಅಭ್ಯಾಸಬಲ ಡಂಕನ್ ವಧೆಯನ್ನು ರಂಗಸ್ಥಳಕ್ಕೆ ಎಳೆದು ತರುತ್ತದೆ: ಏರುಪದ, ಚೆಂಡೆಯ ಅಬ್ಬರ, ಪರದೆಯ ಹಿಂದೆ ಆರ್ಭಟ. ಶೇಕ್ಸ್‌ಪಿಯರ್ ಅದನ್ನು ಬೇಕೆಂದೇ ಒಳಗಿಟ್ಟಿದ್ದಾನೆ. ಅವನು ಒಳಗೆ ಹೋದ ಮೇಲೆ ಚೆಂಡೆ ಪೂರ್ತಿ ನಿಲ್ಲಲಿ, ಭಾಗವತರು ಜಾಗಟೆಯನ್ನು ಕೆಳಗಿಡಲಿ. ಎರಡು ನಿಮಿಷ ಸ್ತ್ರೀವೇಷ ಒಬ್ಬಳೇ ನಿಂತಿರಲಿ, ಗೆಜ್ಜೆ ಅಲುಗಿದರೂ ಬೆಚ್ಚುತ್ತಾ. ರಾತ್ರಿಯಿಡೀ ಚೆಂಡೆ ಕೇಳಿ ರೂಢಿಯಾದ ಕಿವಿಗೆ ಆ ನಿಶ್ಶಬ್ದದಷ್ಟು ಭಯಂಕರವಾದದ್ದು ಇನ್ನಿಲ್ಲ. ಹಿಮ್ಮೇಳದವರಿಗೆ ಈ ಎರಡು ನಿಮಿಷ ಒಪ್ಪಿಸುವುದೇ ನಿರ್ದೇಶಕರಿಗೆ ಕಷ್ಟದ ಕೆಲಸ. ಒಪ್ಪದಿದ್ದರೆ ಆಟ ಬಿಟ್ಟು ನಾಟಕಕ್ಕೆ ಹೋಗಿ.

ಕೂಟವಾಗಿ

ಖರ್ಚು ಅತಿ ಕಡಿಮೆ: ಭಾಗವತರು, ಮದ್ದಳೆ, ಚೆಂಡೆ, ಪಾತ್ರಗಳ ಮಾತು ಆಡುವ ಐದಾರು ಮಂದಿ ಅರ್ಥಧಾರಿಗಳು, 30, 40 ಪದ್ಯ. ಮಾತೇ ಬಂಡವಾಳವಾದ ಊರಿನಲ್ಲಿ ಇದು ಗೆಲ್ಲುವ ದಾರಿ ಎನಿಸುತ್ತದೆ. ಒಂದು ದೃಶ್ಯದ ಮಟ್ಟಿಗಂತೂ ನಾಟಕವನ್ನೇ ಮೀರಿಸುತ್ತದೆ. ನಾಟಕದಲ್ಲಿ ನಾವು ಕತ್ತರಿಸಿದ ಇಂಗ್ಲೆಂಡಿನ ದೃಶ್ಯ ಕೂಟಕ್ಕೆ ಹಬ್ಬದೂಟ. ಕಾಮುಕ ನಾನು, ದುರಾಸೆಯವ ನಾನು, ಅರಸನ ಯಾವ ಗುಣವೂ ನನ್ನಲ್ಲಿಲ್ಲ ಎಂದು ಮಾಲ್ಕಮ್ ಒಂದೊಂದೇ ಹೆಜ್ಜೆ ಮುಂದಿಡುತ್ತಾನೆ. ಮ್ಯಾಕ್‌ಡಫ್ ಎಲ್ಲಿಯವರೆಗೆ ಸಹಿಸುತ್ತಾನೆ, ಯಾವ ಮಾತಿಗೆ ಸಿಡಿಯುತ್ತಾನೆ ಎಂಬುದನ್ನು ಇಬ್ಬರು ನುರಿತ ಅರ್ಥಧಾರಿಗಳು ಮುಕ್ಕಾಲು ಗಂಟೆ ಎಳೆದರೂ ಜನ ಏಳುವುದಿಲ್ಲ.

ಅಪಾಯ ಇರುವುದು ಮುಖ್ಯ ಪಾತ್ರದಲ್ಲೇ. ಅರ್ಥಧಾರಿ ತನ್ನ ಪಾತ್ರವನ್ನು ಸಮರ್ಥಿಸುವವನು. ವಾಲಿಯಾಗಿ ಕೂತರೆ ಬಿದ್ದಲ್ಲಿಂದಲೇ ರಾಮನಿಗೆ ಪ್ರಶ್ನೆ ಹಾಕುತ್ತಾನೆ, ಕೌರವನಾಗಿ ಕೂತರೆ ಛಲಕ್ಕೆ ಕಾರಣ ಕೊಡುತ್ತಾನೆ. ಅದೇ ರೂಢಿಯಲ್ಲಿ ಮ್ಯಾಕ್‌ಬೆತ್‌ಗೂ ಸಮರ್ಥನೆ ಹುಟ್ಟಿಕೊಳ್ಳುತ್ತದೆ: ಅರಸ ದುರ್ಬಲ, ಯುದ್ಧ ಗೆದ್ದವನು ನಾನು, ನಾಡಿಗೆ ಬಲವಾದ ಕೈ ಬೇಕಿತ್ತು. ಕೇಳಲು ಸೊಗಸು, ಚಪ್ಪಾಳೆಯೂ ಬೀಳುತ್ತದೆ. ಆದರೆ ವಾಲಿಗಿರುವ ನ್ಯಾಯದ ಪ್ರಶ್ನೆ ಮ್ಯಾಕ್‌ಬೆತ್‌ಗೆ ಇಲ್ಲ, ಇಲ್ಲ ಎಂಬುದು ಎಲ್ಲರಿಗಿಂತ ಮೊದಲು ಅವನಿಗೇ ಗೊತ್ತು. ವಾದದಲ್ಲಿ ಗೆದ್ದ ಮ್ಯಾಕ್‌ಬೆತ್‌ಗೆ ನಿದ್ದೆ ಕೆಡಲು ಕಾರಣವೇ ಉಳಿಯುವುದಿಲ್ಲ.

ಅದಕ್ಕೊಂದು ಕಟ್ಟು ಹಾಕಿಕೊಳ್ಳಬಹುದು. ಸಮರ್ಥನೆಯ ಮಾತೆಲ್ಲ 1ನೇ ಅಂಕದ ಸಂವಾದದಲ್ಲಿ ಹೆಂಡತಿಯ ಪಾತ್ರಧಾರಿಗೆ ಸೇರಲಿ. ಅವನು ಪ್ರತಿ ಮಾತಿಗೂ ಧರ್ಮದ ಕಡೆಯಿಂದಲೇ ಉತ್ತರ ಕೊಟ್ಟು, ಗೆದ್ದೂ ಸೋಲಲಿ. ಕೊಲೆಯಾದ ಮೇಲೆ ಅವನ ಪಾಲಿನ ಅರ್ಥ ಮೊಟಕಾಗುತ್ತಾ ಬರಲಿ. ಕೊನೆಗೆ ಹೆಂಡತಿ ಸತ್ತ ಸುದ್ದಿ ಬಂದಾಗಿನ ‘ನಾಳೆ, ನಾಳೆ, ನಾಳೆ’ ಎಂಬ ಮಾತಿಗೆ ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. ಇದನ್ನು ಮೊದಲೇ ಕೂತು ಒಪ್ಪಂದ ಮಾಡಿಕೊಳ್ಳದೆ ವೇದಿಕೆ ಏರಿದರೆ ಯಾರ ಕೈಯಲ್ಲೂ ತಡೆಯುವುದಕ್ಕಾಗುವುದಿಲ್ಲ. ಒಂದು ತೊಡಕು ಉಳಿದೇ ಉಳಿಯುತ್ತದೆ: ನಿದ್ದೆನಡಿಗೆಗೆ ಎದುರಾಳಿ ಇಲ್ಲ, ಕೂತಲ್ಲಿಂದ ಅದನ್ನು ಕಟ್ಟುವುದು ಬಹಳ ಕಷ್ಟ. ಆ ಭಾಗವನ್ನು ಪದ್ಯಕ್ಕೇ ಬಿಟ್ಟು, ವೈದ್ಯ ಮತ್ತು ಸೇವಕಿಯ ಮಾತಿನಲ್ಲಿ ಮುಗಿಸುವುದು ಲೇಸು.

ಯಾವ ದಾರಿಯಾದರೂ ಬೇಕಾಗುವವು

ರಕ್ತಕ್ಕೆ ಅರಶಿನ ಸುಣ್ಣ ಕಲಸಿದ ನೀರು ಬೇಡ. ಹಳದಿ ಬೆಳಕಿನಲ್ಲಿ ಕಿತ್ತಳೆಯಾಗಿ ಕಾಣುತ್ತದೆ, ಕೈಯಲ್ಲಿ ಗೀರಿದ್ದರೆ ಸುಣ್ಣ ಉರಿಯುತ್ತದೆ, ಬಟ್ಟೆಯ ಕಲೆ ಹೋಗುವುದಿಲ್ಲ. 200 ಗ್ರಾಂ ಸಕ್ಕರೆಯನ್ನು 100 ಮಿಲಿ ನೀರಿನಲ್ಲಿ ಕರಗುವಷ್ಟು ಮಾತ್ರ ಕುದಿಸಿ, ಆರಿದ ಮೇಲೆ ಅಡುಗೆಯ ಕೆಂಪು ಬಣ್ಣ ಒಂದು ಚಮಚ, ಕಪ್ಪು ಛಾಯೆಗೆ ಕೋಕೋ ಪುಡಿ ಕಾಲು ಚಮಚ, ಸುಲಭವಾಗಿ ತೊಳೆದುಹೋಗಲು ಪಾತ್ರೆ ತೊಳೆಯುವ ದ್ರವ ಅರ್ಧ ಚಮಚ ಹಾಕಿ. ಬಾಯಿಗೆ ತಾಗಿಸಬೇಡಿ. ಡಬ್ಬಿಗೆ ಬಿಗಿಯಾದ ಮುಚ್ಚಳ ಇರಲಿ, ಇಲ್ಲದಿದ್ದರೆ ವೇಷ ಕಟ್ಟುವ ಚೌಕಿಗೆಲ್ಲ ಇರುವೆ. ಪಕ್ಕದ ಪರದೆಯ ಹಿಂದೆ ಎರಡು ಬಕೆಟ್ ನೀರು, ಒದ್ದೆ ಬಟ್ಟೆ, ಒಣ ಬಟ್ಟೆ ಸಿದ್ಧವಿರಬೇಕು: ಬಾಗಿಲು ಕಾಯುವವನ ದೃಶ್ಯ ಮುಗಿಯುವ ಎರಡು ಮೂರು ನಿಮಿಷದಲ್ಲಿ ಮ್ಯಾಕ್‌ಬೆತ್ ಕೈ ತೊಳೆದು ನಿಲುವಂಗಿ ಹಾಕಿ ಬರಬೇಕು. ಹಾಸ್ಯಗಾರರು ಹೆಚ್ಚು ಎಳೆದರೆ ಅವಸರ ತಪ್ಪುತ್ತದೆ, ಆದರೆ ಬಡಿತದ ಬಿಗಿ ಸಡಿಲುತ್ತದೆ.

ಬಡಿತಕ್ಕೆ ಚೆಂಡೆ ಬಳಸಬೇಡಿ, ಅದು ಯುದ್ಧದ ಸದ್ದು. ಹಲಸಿನ ಹಳೆಯ ಬಾಗಿಲ ಹಲಗೆಯನ್ನು ಗೋಡೆಗೆ ತಾಗದಂತೆ ನಿಲ್ಲಿಸಿ ಒನಕೆಯ ತುದಿಯಿಂದ ಬಡಿದರೆ ಎದೆಗೇ ಬಡಿದಂತಾಗುತ್ತದೆ. ಮೈಕು ಅದರಿಂದ ಮೂರು ಅಡಿ ದೂರವಿರಲಿ.

ಕಾಡಿಗೆ ಮಾವಿನ, ಗೇರಿನ ಕೊಂಬೆ ಕಡಿಯುವವರು ಚಗಳಿ ಇರುವೆಯ ಗೂಡು ನೋಡಿಕೊಳ್ಳಿ. ಬೆಳಿಗ್ಗೆ ಕಡಿದದ್ದು ರಾತ್ರಿಗೆ ಬಾಡಿ ಜೋತುಬೀಳುತ್ತದೆ, ಉದುರಿದ ಎಲೆಯ ಮೇಲೆ ಕತ್ತಿವರಸೆಯಲ್ಲಿ ಕಾಲು ಜಾರುತ್ತದೆ. ಮಡಲು, ಅಡಿಕೆ ಸೋಗೆ ಎರಡೂ ವಾಸಿ. ಕವಚಕ್ಕೆ ಅಡಿಕೆ ಹಾಳೆಯಷ್ಟು ಹಗುರವಾದದ್ದು ಸಿಗಲಿಕ್ಕಿಲ್ಲ: ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಎದೆಯ ಆಕಾರಕ್ಕೆ ಕತ್ತರಿಸಿ, ದುಂಡಗಿನ ಕೊಡಪಾನಕ್ಕೆ ಕಟ್ಟಿ ಒಣಗಿಸಿ ಬಣ್ಣ ಬಳಿಯಿರಿ.

ಬ್ಯಾಂಕೊನ ಭೂತಕ್ಕೆ ಹೊಗೆ, ಕೆಂಪು ದೀಪ ಯಾವುದೂ ಬೇಡ. ಅತಿಥಿಗಳು ಎದ್ದು ಕೂರುವ ಗಡಿಬಿಡಿಯಲ್ಲಿ ಅವನು ಸುಮ್ಮನೆ ನಡೆದುಬಂದು ಅರಸನ ಕುರ್ಚಿಯಲ್ಲಿ ಕೂರಲಿ. ಪ್ರೇಕ್ಷಕರು ಮ್ಯಾಕ್‌ಬೆತ್‌ಗಿಂತ ಅರೆಕ್ಷಣ ಮೊದಲು ನೋಡಬೇಕು. ಕುರ್ಚಿ ಸಭೆಗೆ ಓರೆಯಾಗಿರಲಿ.

ನಿದ್ದೆನಡಿಗೆಯಲ್ಲಿ ಅವಳ ಕೈಗೆ ಕೆಂಪು ಬಳಿಯುವುದು ಬಹಳ ಕಡೆ ಆಗುವ ತಪ್ಪು. ಆ ಕೈ ಪೂರ್ತಿ ಶುಭ್ರವಾಗಿರಬೇಕು, ಕಲೆ ಕಾಣುವುದು ಅವಳೊಬ್ಬಳಿಗೆ. ದೀಪ ಕಾಜಿನ ಚಿಮಣಿಯ ಸಣ್ಣ ಲಾಟೀನು ಸಾಕು, ಒಳಗೆ ಬ್ಯಾಟರಿ ಬಲ್ಬು. ಅದನ್ನು ನೆಲಕ್ಕಿಟ್ಟ ಮೇಲೆಯೇ ಕೈ ಉಜ್ಜುವುದು ಶುರುವಾಗಲಿ, ಬೆಳಕು ಕೆಳಗಿನಿಂದ ಬೆರಳಿಗೆ ಬೀಳುವ ಹಾಗೆ. ದೃಶ್ಯದ ಕೊನೆಗೆ ಅವಳು ಬಾ, ಬಾ, ಕೈ ಕೊಡು ಎಂದು ಇಲ್ಲದ ಗಂಡನನ್ನು ಕರೆಯುತ್ತಾಳೆ. ಕೊಲೆಯ ರಾತ್ರಿ ಅವನು ಎರಡು ಕಠಾರಿ ಹಿಡಿದು ನಿಂತಿದ್ದ ಜಾಗಕ್ಕೆ ಅಭ್ಯಾಸದ ದಿನವೇ ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ. ಅವಳು ಕೈ ಚಾಚಬೇಕಾದದ್ದು ಅತ್ತ ಕಡೆಗೆ.